ಸಕ್ಕರೆ ಬಾಟಲಿ

ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಗಸ್ ಬಾಟಲಿಯ ತಳವನ್ನು ನೆಕ್ಕಿದ. ಸಿಹಿಯಾಗಿತ್ತು. ಆದರೂ ಅನುಮಾನ ಹೋಗಲಿಲ್ಲ. ಸಕ್ಕರೆ ಪಾಕ ಎರಕ ಹೊಯ್ದು ಮಾಡಿದ ನಕಲಿ ಬಾಟಲಿಯಾದರೆ ಅವನ ಬೋಳುತಲೆಯ ಮೇಲೆ ಪುಡಿಯಾಗುತ್ತದೆ. ಗಾಜಿನದಾದರೆ ತಲೆಯೇ ಪುಡಿ. ಲಾಸ್ ಏಂಜಲೀಸಿನ ಆ ಸ್ಟುಡಿಯೋದ ಮೂಕಿ ಹಾಸ್ಯಚಿತ್ರಗಳಲ್ಲೆಲ್ಲ ನಾಯಕ ವಿಲ್ಬರ್ ಹೊಡೆಯುವವನು, ಗಸ್ ಹೊಡೆಸಿಕೊಳ್ಳುವವನು. ಕಳೆದ ಚಿತ್ರದಲ್ಲಿ ಜನ ಬಿದ್ದು ಬಿದ್ದು ನಕ್ಕಿದ್ದು ಮಾತ್ರ, ಏಟು ಬೀಳುವ ಮುಂಚೆ ಗಸ್ ಬಾಟಲಿಯತ್ತ ಬೀರುವ ಗಾಬರಿಯ ಓರೆನೋಟಕ್ಕೆ. ಅಂದಿನಿಂದ ವಿಲ್ಬರ್ ಅವನ ಜೊತೆ ನೆಟ್ಟಗೆ ಮಾತಾಡಿಲ್ಲ.

ಬಾಟಲಿಯನ್ನು ತಿರುಗಿಸಿದಾಗ ಅದರ ಕತ್ತಿನ ಮೇಲೆ ಕಪ್ಪು ಕಲೆ ಕಂಡಿತು. ಕ್ಯಾಮೆರಾಗೆಂದು ತುಟಿಗೆ ಬಳಿಯುವ ಕಪ್ಪು ಬಣ್ಣ. ಅದನ್ನು ಹಚ್ಚಿಕೊಳ್ಳುವವನು ನಾಯಕನೊಬ್ಬನೇ.

“ಸಿಹಿ ಇದೆ ತಾನೇ?” ಬೆನ್ನ ಹಿಂದೆ ವಿಲ್ಬರ್ ನಿಂತಿದ್ದ.

“ನೀನ್ಯಾಕಯ್ಯಾ ನೆಕ್ಕಿದ್ದು? ಏಟು ಬೀಳೋದು ನನ್ನ ತಲೆಗೆ.”

“ಹೊಡೆಯೋ ಕೈ ನಂದಲ್ವಾ? ಪ್ರತಿ ಸಲ ನೆಕ್ಕಿ ನೋಡ್ತೀನಿ. ನಿನ್ನ ಮೇಲೆ ಹೊಟ್ಟೆಕಿಚ್ಚಿದೆ, ಇಲ್ಲ ಅನ್ನಲ್ಲ. ಅದಕ್ಕೇ ಇವತ್ತು ಎರಡು ಸಲ ನೋಡ್ದೆ.”

ಕ್ಯಾಮೆರಾ ತಿರುಗಿತು. ಗಸ್ ನಿಶ್ಚಿಂತೆಯಿಂದ ತಲೆಯೊಡ್ಡಿದ. ಬಾಟಲಿ ಪುಡಿಪುಡಿಯಾಯಿತು. ಸುತ್ತ ನಿಂತವರಲ್ಲಿ ಒಬ್ಬರೂ ನಗಲಿಲ್ಲ.

“ಆ ನೋಟ ಎಲ್ಲಪ್ಪಾ ಗಸ್?” ಎಂದ ನಿರ್ದೇಶಕ ಮೆರಿಲ್. “ಅದಿಲ್ದೆ ನಿನ್ನ ಇಟ್ಕೊಂಡು ನಾನೇನು ಮಾಡ್ಲಿ? ಇನ್ನೊಂದ್ಸಲ.”

ಗಸ್ ಹುಬ್ಬು ಗಂಟಿಕ್ಕಿದ, ಕಣ್ಣರಳಿಸಿದ. ಏನು ಮಾಡಿದರೂ ಅದು ಬರಲೊಲ್ಲದು. ವಿಲ್ಬರ್ ಅವನನ್ನೇ ನೋಡುತ್ತ ಹೊಸ ಬಾಟಲಿ ಕೈಗೆತ್ತಿಕೊಂಡ. ಈ ಸಲ ನೆಕ್ಕಲಿಲ್ಲ.

ಗಸ್‌ನ ಕಣ್ಣು ತಾನಾಗಿಯೇ ಬಾಟಲಿಯತ್ತ ಓರೆಯಾಯಿತು.