ಕಿವಿಗೆ ಹಿಡಿದ ಕಾಯಿ

"ಇದನ್ನ ದಿನಾ ಕಿವಿ ಹತ್ರ ಹಿಡಿದು ಅಲ್ಲಾಡಿಸ್ತಾಳೆ ಸಿಸ್ಟರ್. ಮಾಟವೋ ಏನೋ ಅಂತ ರೂಮಿನವರಿಗೆ ಭಯ," ಎಂದು ಹಾಸ್ಟೆಲ್ ವಾರ್ಡನ್ ಸಿಪ್ಪೆ ಸುಲಿಯದ ತೆಂಗಿನಕಾಯಿಯೊಂದನ್ನು ಕೌನ್ಸೆಲಿಂಗ್ ಆಫೀಸಿನ ಮೇಜಿನ ಮೇಲಿಟ್ಟು ಹೊರಟುಹೋದರು. ನಯನ ತಲೆ ತಗ್ಗಿಸಿ ಕೂತಳು. ತುರುವೇಕೆರೆಯಿಂದ ಈ ಯೂನಿವರ್ಸಿಟಿಗೆ ಹೊರಟ ದಿನ ಅಜ್ಜಿ ಕೊಟ್ಟ ಕಾಯಿ ಅದು. "ಇದು ಗಡಗಡ ಅನ್ನೋ ಹೊತ್ಗೆ ಪರೀಕ್ಷೆ ಮುಗ್ದಿರ್ತೈತೆ, ಬಂದ್ಬುಡು," ಅಂದಿದ್ದಳು.

ಸಿಸ್ಟರ್ ಫಿಲೋಮಿನಾ ಫಾರಂ ತೆಗೆದು ಇಂಗ್ಲಿಷಿನಲ್ಲೇ ಕೇಳತೊಡಗಿದರು. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಊರಿಗೆ ಹೋಗಿ ಎಷ್ಟು ದಿನವಾಯಿತು. ನಯನಳ ಕಣ್ಣು ಕಾಯಿಯ ಮೇಲೇ ಇತ್ತು. ಕೊನೆಗೆ ಸಿಸ್ಟರ್ ಪೆನ್ನು ಕೆಳಗಿಟ್ಟು, ಕಾಯಿಯನ್ನೆತ್ತಿ ಕಿವಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ನೀರು ಇಂಗಿ ಕೊಬ್ಬರಿ ಕರಟ ಬಿಟ್ಟಿದೆಯೇ ಎಂದು ತೆಂಗಿನ ಸೀಮೆಯವರು ನೋಡುವುದು ಹಾಗೆಯೇ.

"ಇನ್ನೂ ನೀರೈತೆ ಕಣೇ," ಎಂದರು ಸಿಸ್ಟರ್. "ಎರಡು ತಿಂಗಳಾದ್ರೂ ಬೇಕು."

ನಯನ ತಟ್ಟನೆ ತಲೆಯೆತ್ತಿದಳು. ಸಿಸ್ಟರ್ ಕಾಯಿಯನ್ನು ಕೆಳಗಿಡಲಿಲ್ಲ. ಕಣ್ಣು ಮುಚ್ಚಿ, ಅದನ್ನು ಕಿವಿಗೆ ಒತ್ತಿಕೊಂಡೇ ಇದ್ದರು. ನಯನ ಫಾರಮನ್ನು ಮೆಲ್ಲಗೆ ಅತ್ತ ಸರಿಸಿ ಕೇಳಿದಳು:

"ನೀವು ಊರಿಗೋಗಿ ಎಷ್ಟ್ ವರ್ಷ ಆಯ್ತು, ಸಿಸ್ಟರ್?"