ಕೆಂಪಾದ ಹಲ್ಲು

ದಾದರಿನ ಡೆಂಟಿಸ್ಟ್ ನನ್ನ ಮೊಮ್ಮಗಳ ನಾಲಿಗೆಯ ಮೇಲೆ ಕೆಂಪು ಗುಳಿಗೆ ಇಡುತ್ತಾರೆ. ಆ ಸಿಹಿ ವಾಸನೆಗೆ ನಾನು ಮತ್ತೆ ವಡಾಲದ ನಮ್ಮ ಹಳೆಯ ಚಾಳಿನ ಕೋಣೆಯಲ್ಲಿರುತ್ತೇನೆ.

ಆಗ ನಾನು ಸೆಕೆಂಡ್ ಸ್ಟ್ಯಾಂಡರ್ಡ್. ಕಾನ್ವೆಂಟಿಗೆ ಬಂದ ಡೆಂಟಿಸ್ಟ್ ಇಂಥದೇ ಗುಳಿಗೆ ಜಗಿಯಲು ಕೊಟ್ಟು, ಸರಿಯಾಗಿ ಬ್ರಷ್ ಮಾಡದ ಜಾಗವೆಲ್ಲ ಕೆಂಪಾಗುತ್ತದೆ ಎಂದಿದ್ದರು. ನನ್ನದು ಬಾಯಿ ಪೂರ್ತಿ ಕೆಂಪು. ಮಧ್ಯಾಹ್ನ ಮನೆಗೆ ಬಂದು ಹಲ್ಲು ಕಿರಿದು ತೋರಿಸಿದೆ. ಅಮ್ಮ ಗದ್ದ ಹಿಡಿದಳು.

“ಅಜ್ಜಿಯ ಎಲೆಅಡಿಕೆ ಕದ್ದು ತಿಂದದ್ದಾ? ಕಾನ್ವೆಂಟಿಗೆ ಕಳ್ಸಿದ್ದು ಇದಕ್ಕಾ ಮಾರಾಯ್ತಿ?”

“ಇಲ್ಲಮ್ಮ, ಗಾಡ್ ಪ್ರಾಮಿಸ್! ಸ್ಕೂಲಲ್ಲಿ ಡೆಂಟಿಸ್ಟ್ ಕೊಟ್ಟದ್ದು. ಹಲ್ಲಿನ ಕೊಳೆ ಕಾಣ್ಲಿಕ್ಕೆ.”

“ಹಲ್ಲಿಗೆ ಬಣ್ಣ ಬಳಿಯುವ ಡಾಕ್ಟ್ರು! ಯಾರಿಗೆ ಟೋಪಿ ಹಾಕ್ತಿ?” ಅಮ್ಮ ಕೈ ಎತ್ತಿದಳು.

ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅಜ್ಜಿ ತಲೆಯೆತ್ತದೆ, “ಹೊಡಿಬೇಡ. ನಾನೇ ಒಂದು ಚೂರು ಕೊಟ್ಟದ್ದು,” ಎಂದರು.

ಅಮ್ಮನ ಕೈ ಇಳಿಯಿತು. ನನಗೆ ಏನೂ ಅರ್ಥವಾಗಲಿಲ್ಲ. ಅಜ್ಜಿ ಕೊಟ್ಟಿರಲೇ ಇಲ್ಲವಲ್ಲ! ಅವರು ನನ್ನನ್ನು ನಲ್ಲಿಯ ಹತ್ತಿರ ಕೂರಿಸಿ, ಒದ್ದೆ ಸೆರಗಿನಿಂದ ಹಲ್ಲು ಉಜ್ಜುತ್ತ ಕಿವಿಯಲ್ಲಿ ಹೇಳಿದರು: “ಇನ್ನು ಕದಿಬೇಡ ಮಗಾ. ಕೇಳು, ಕೊಡ್ತೇನೆ.”

ಯಾಕೋ, ನನ್ನ ಬಾಯಿಂದ ಬಂದದ್ದು, “ಸಾರಿ, ಅಜ್ಜಿ.”