ಎದೆಗೆ ಕಟ್ಟಿದ ಮಲ್ಲಿಗೆ

ಮುನಿಕೆಂಪಮ್ಮ ಎತ್ತಿದ ಕೋಲು ಗಾಳಿಯಲ್ಲೇ ನಿಂತಿತು. ಗಂಗಾನಗರದ ಮನೆಯ ತಾರಸಿಗೆ ಸಂಡಿಗೆ ತಿನ್ನಲು ಬಂದಿದ್ದ ಕೋತಿ ಓಡಲಿಲ್ಲ. ತನ್ನ ಹಸಿಮರಿಯನ್ನು ಎರಡೂ ಕೈಯಿಂದ ಅವುಚಿಕೊಂಡು ಹಲ್ಲು ಕಿರಿಯಿತು. ಮರಿ ಚೀರಿತು.

"ಹೊಡ್ದು ಓಡ್ಸೇ!" ಎಂದು ಅತ್ತೆ ಅಕ್ಕಯ್ಯಮ್ಮ ಕೆಳಗಿನಿಂದ ಕೂಗಿದಳು.

ಮುನಿಕೆಂಪಮ್ಮನ ಎದೆ ಜುಮ್ಮೆಂದಿತು. ಹೋದ ತಿಂಗಳು ಅವಳ ಮಗು ಸತ್ತೇ ಹುಟ್ಟಿತ್ತು. ಹಾಲು ಬತ್ತಲೆಂದು ಅತ್ತೆ ದಿನಾ ಮಲ್ಲಿಗೆ ಹೂ ಇಟ್ಟು ಎದೆಗೆ ಬಟ್ಟೆ ಬಿಗಿಯುತ್ತಿದ್ದಳು. ಹಾಲು ಬತ್ತಿಯೂ ಆಗಿತ್ತು; ಆದರೂ ಅತ್ತೆ ಕಟ್ಟುವುದನ್ನು ಬಿಟ್ಟಿರಲಿಲ್ಲ. ಮರಿ ಮತ್ತೆ ಚೀರಿದಾಗ ಮಲ್ಲಿಗೆ ತೊಯ್ದು, ರವಿಕೆ ತೊಯ್ದು, ಬೆಚ್ಚನೆಯ ಹಾಲು ಹೊಟ್ಟೆಯ ಮೇಲೆ ಇಳಿಯಿತು.

ಮೆಟ್ಟಿಲು ಹತ್ತಿ ಬಂದ ಅಕ್ಕಯ್ಯಮ್ಮ ಬೆಚ್ಚಿಬಿದ್ದಳು. "ಅಯ್ಯೋ, ಇದೇನೇ! ಹಾಲು ನಿಂತೋಗಿತ್ತಲ್ಲೇ?"

ಕೋತಿಯ ಮೇಲಿಂದ ಕಣ್ಣು ತೆಗೆಯದೆ ಮುನಿಕೆಂಪಮ್ಮ ಹೇಳಿದಳು: "ನಮ್ ಕೂಸು ಒಂದ್ಸಲಾನೂ ಅಳ್ಲಿಲ್ವಲ್ಲ, ಅತ್ತೆ."